ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಓಟಗಾರ: ಮಕ್ಕಳು ಕೇಳಿರದ 1920ರ ಕಥೆ

ಗೋಕಾಕ: ಶಾಲಾ ಮಕ್ಕಳ ರಸಪ್ರಶ್ನೆ ಪುಸ್ತಕಗಳಲ್ಲಿ ಒಲಿಂಪಿಕ್ಸ್ ಎಂದೊಡನೆ ಎದುರಾಗುವ ಇಸವಿ 1928. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹಾಕಿ ತಂಡ ಭಾರತಕ್ಕೆ ಮೊದಲ ಚಿನ್ನ ತಂದ ವರ್ಷವದು. ಅದಕ್ಕೂ ಎಂಟು ವರ್ಷ ಮೊದಲೇ ಬೆಳಗಾವಿಯ ಓಟಗಾರರೊಬ್ಬರು ಯುರೋಪಿನ ಬೀದಿಗಳಲ್ಲಿ ಒಲಿಂಪಿಕ್ಸ್ ಮ್ಯಾರಥಾನ್ ಪೂರೈಸಿದ್ದರು ಎಂಬ ಸಂಗತಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಎಷ್ಟು ಮಕ್ಕಳಿಗೆ ಗೊತ್ತು?

ಅವರ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಈ ಭಾಗದವರಿಗೆ ಹೆಸರೇ ಊರಿನ ಸುಳಿವು ಕೊಡುತ್ತದೆ. ಗೌಡರಿಗೆ, ಅಂದರೆ ಪಾಟೀಲರಿಗೆ, ಸಹಾಯಕನಾಗಿದ್ದ ಗ್ರಾಮಾಧಿಕಾರಿಯನ್ನು ಹಿಂದೆ ಚೌಗುಲೆ ಎನ್ನುತ್ತಿದ್ದರು. ಚೌಗುಲೆ, ಚೌಗಲಾ ಎಂಬ ಅಡ್ಡಹೆಸರಿನ ಮನೆತನಗಳು ಗಡಿ ಭಾಗದಲ್ಲಿ ಇಂದಿಗೂ ಸಾಕಷ್ಟಿವೆ.

ಬೆಳಗಾವಿಯವರು ಪುಣೆಗೆ ಹೋದದ್ದೇಕೆ?

ಆಗಿನ್ನೂ ಕರ್ನಾಟಕ ರಾಜ್ಯ ರಚನೆಯಾಗಿರಲಿಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರಲ್ಲಷ್ಟೇ ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಈ ಭಾಗದ ಕ್ರೀಡಾಪಟುಗಳು ಹೆಸರು ಮಾಡಬೇಕಾದರೆ ನೋಡುತ್ತಿದ್ದುದು ಬೆಂಗಳೂರಿನ ಕಡೆಗಲ್ಲ, ಪುಣೆಯ ಕಡೆಗೆ. ಅಲ್ಲಿನ ಡೆಕ್ಕನ್ ಜಿಮಖಾನಾ ಆಗ ಕ್ರೀಡೆಗಳ ದೊಡ್ಡ ಕೇಂದ್ರ. ಇಂದು ಶಾಲೆ ಶಾಲೆಗಳಲ್ಲಿ ಆಡುವ ಖೊ-ಖೊ ಆಟಕ್ಕೆ ಲಿಖಿತ ನಿಯಮಗಳು ರೂಪುಗೊಂಡದ್ದೂ ಅದೇ ಜಿಮಖಾನಾದಲ್ಲಿ, 1914ರ ಸುಮಾರಿಗೆ. ಅದೇ ಆಟದ ಮೊದಲ ವಿಶ್ವಕಪ್ 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದು, ಪುರುಷರ ಹಾಗೂ ಮಹಿಳೆಯರ ಎರಡೂ ಪ್ರಶಸ್ತಿಗಳು ಭಾರತದ ಪಾಲಾದವು.

1919ರಲ್ಲಿ ಜಿಮಖಾನಾದ ಕ್ರೀಡಾಕೂಟ ನಡೆದಾಗ ಅದರ ಅಧ್ಯಕ್ಷರಾಗಿದ್ದವರು ಉದ್ಯಮಿ ಸರ್ ದೊರಾಬ್‌ಜಿ ಟಾಟಾ. ಬರಿಗಾಲಿನಲ್ಲಿ ಓಡಿದ ಹಳ್ಳಿಯ ರೈತಾಪಿ ಯುವಕರ ವೇಗ ಕಂಡು ಅವರು ಬೆರಗಾದರು. ಸರಿಯಾದ ತರಬೇತಿಯಿಲ್ಲದೆಯೂ ಇವರ ಸಮಯ ಯುರೋಪಿನ ಓಟಗಾರರಿಗೆ ಹತ್ತಿರವಿದೆ ಎನಿಸಿದ್ದರಿಂದಲೇ ಮರುವರ್ಷದ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ತಂಡ ಕಳುಹಿಸುವ ಯೋಚನೆ ಮೊಳೆಯಿತು. ಮುಂಬಯಿ ಗವರ್ನರ್ ಜಾರ್ಜ್ ಲಾಯ್ಡ್ ಅವರ ಬೆಂಬಲವೂ ದೊರೆಯಿತು.

ಆಗಿನ ತಿಳಿವಳಿಕೆ ಎಷ್ಟಿತ್ತು ಎಂಬುದಕ್ಕೆ ಕ್ರೀಡಾ ಇತಿಹಾಸಕಾರರು ಒಂದು ಪ್ರಸಂಗವನ್ನು ಹೇಳುತ್ತಾರೆ. 100 ಮೀಟರ್ ಓಟಕ್ಕೆ ಎಷ್ಟು ಸಮಯ ಬೇಕಾದೀತು ಎಂದು ಟಾಟಾ ಕೇಳಿದಾಗ, ಸಂಘಟಕರಲ್ಲೊಬ್ಬರು ಒಂದೆರಡು ನಿಮಿಷ ಎಂದರಂತೆ. ಲೆಕ್ಕ ನಿಮಿಷಗಳಲ್ಲಲ್ಲ, ಸೆಕೆಂಡುಗಳಲ್ಲಿ ಎಂದು ಟಾಟಾ ಅವರೇ ತಿದ್ದಿ ಹೇಳಬೇಕಾಯಿತು.

ಆರು ಮಂದಿಯ ತಂಡ

1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್ ಎರಡು ಬೆಳ್ಳಿ ಗೆದ್ದಿದ್ದರಾದರೂ ಅವರು ಒಬ್ಬಂಟಿ. ಭಾರತದ ತಂಡವೊಂದು ಹೋದದ್ದು 1920ರಲ್ಲೇ ಮೊದಲು. ಓಟಕ್ಕೆ ಚೌಗುಲೆ ಜತೆಗೆ ಪೂರ್ಮಾ ಬ್ಯಾನರ್ಜಿ, ಸದಾಶಿವ ದಾತಾರ್ ಮತ್ತು ಕೈಕಾಡಿ. ಕುಸ್ತಿಗೆ ಕುಮಾರ ನವಲೆ ಮತ್ತು ರಣಧೀರ ಶಿಂಧೆ. ಮುಂಬಯಿಯಿಂದ ಹಡಗು ಹತ್ತಿದ ತಂಡ ಲಂಡನ್ನಿನಲ್ಲಿ ಕೆಲವು ವಾರ ತಾಲೀಮು ನಡೆಸಿ ಬೆಲ್ಜಿಯಂ ತಲುಪಿತು. ಐದು ಉಂಗುರಗಳ ಒಲಿಂಪಿಕ್ ಧ್ವಜ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಹಾರಿದ್ದೂ, ಕ್ರೀಡಾಪಟುಗಳ ಪರವಾಗಿ ಮೊದಲ ಬಾರಿಗೆ ಪ್ರತಿಜ್ಞೆ ಸ್ವೀಕರಿಸಿದ್ದೂ ಆ ಆಂಟ್‌ವರ್ಪ್ ಕೂಟದಲ್ಲೇ.

ಗರಡಿ ಮನೆಗಳ ಈ ಸೀಮೆಗೆ ರುಚಿಸುವ ಇನ್ನೊಂದು ಮಾತು: ಶಿಂಧೆ ಅವರು ಫೆದರ್‌ವೇಟ್ ಕುಸ್ತಿಯಲ್ಲಿ ನಾಲ್ಕನೇ ಸ್ಥಾನ ಪಡೆದರು. ಕೈತಪ್ಪಿದ ಆ ಕಂಚಿಗಾಗಿ ಭಾರತದ ಕುಸ್ತಿ 1952ರಲ್ಲಿ ಖಾಶಾಬಾ ಜಾಧವ್ ಹೆಲ್ಸಿಂಕಿಯಲ್ಲಿ ಗೆಲ್ಲುವವರೆಗೆ ಕಾಯಬೇಕಾಯಿತು.

ಅತಿ ಉದ್ದದ ಮ್ಯಾರಥಾನ್

1920ರ ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ಕಣದಲ್ಲಿದ್ದವರು 48 ಮಂದಿ. ಇಲ್ಲೊಂದು ಅಚ್ಚರಿಯಿದೆ. ಮ್ಯಾರಥಾನ್ ಎಂದರೆ 42.195 ಕಿ.ಮೀ. ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಅಂದು ಓಡಬೇಕಿದ್ದುದು 42.75 ಕಿ.ಮೀ. ಒಲಿಂಪಿಕ್ಸ್ ಇತಿಹಾಸದಲ್ಲೇ ಇಷ್ಟು ಉದ್ದದ ಮ್ಯಾರಥಾನ್ ಇನ್ನೊಂದಿಲ್ಲ.

ಕಾರಣ ಸರಳ. ಆಗ ಮ್ಯಾರಥಾನ್‌ಗೆ ನಿಶ್ಚಿತ ದೂರವೇ ಇರಲಿಲ್ಲ. 1896ರ ಅಥೆನ್ಸ್‌ನಲ್ಲಿ ಅದು ಸುಮಾರು 40 ಕಿ.ಮೀ. 1908ರ ಲಂಡನ್ ಕೂಟದಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದ ಮುಂದೆ ಮುಗಿಯುವಂತೆ ದಾರಿ ಹಾಕಿದ್ದರಿಂದ 42.195 ಆಯಿತು. 1912ರಲ್ಲಿ ಮತ್ತೆ 40ರ ಆಸುಪಾಸಿಗೆ ಇಳಿಯಿತು. ಲಂಡನ್ನಿನ ಅಳತೆಯನ್ನೇ ಅಧಿಕೃತವೆಂದು ಒಪ್ಪಿದ್ದು 1921ರಲ್ಲಿ, ಅಂದರೆ ಚೌಗುಲೆ ಓಡಿದ ಮರುವರ್ಷ. ಅವರು ಇಂದಿನ ಮ್ಯಾರಥಾನ್‌ಗಿಂತ 555 ಮೀಟರ್ ಹೆಚ್ಚೇ ಓಡಿದ್ದರು.

ಗೋಕಾಕ ಪಟ್ಟಣದಿಂದ ಜಲಪಾತಕ್ಕೆ ಸುಮಾರು 6 ಕಿ.ಮೀ. ಮೂರು ಬಾರಿ ಹೋಗಿ ಬಂದು, ನಾಲ್ಕನೆಯ ಸಲ ಮತ್ತೆ ಜಲಪಾತ ತಲುಪಿದರೂ ಈ ದೂರಕ್ಕೆ ಮುಕ್ಕಾಲು ಕಿ.ಮೀ. ಉಳಿದಿರುತ್ತದೆ.

ಚೌಗುಲೆ ಗುರಿ ಮುಟ್ಟಿದ್ದು 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ, 19ನೆಯವರಾಗಿ. ಜತೆಯಲ್ಲಿ ಓಡಿದ ದಾತಾರ್ ಓಟ ಪೂರೈಸಲಾಗಲಿಲ್ಲ. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಎಸ್ಟೋನಿಯಾದ ಯೂರಿ ಲೋಸ್ಮನ್ ಅವರಿಗಿಂತ 13 ಸೆಕೆಂಡು ಕೂಡ ಹಿಂದಿರಲಿಲ್ಲ.

19ನೇ ಸ್ಥಾನವೆಂದರೆ ಏನು ಮಹಾ ಎನ್ನುವ ಮಕ್ಕಳು ಶಾಲಾ ಮೈದಾನದಲ್ಲಿ 100 ಮೀಟರ್ ಅಳೆದು ಒಂದು ಪ್ರಯೋಗ ಮಾಡಬಹುದು. ಚೌಗುಲೆ ಅವರ ಸರಾಸರಿ ವೇಗದಂತೆ ಪ್ರತಿ 100 ಮೀಟರ್‌ಗೆ ತಗಲಿದ್ದು 24 ಸೆಕೆಂಡು. ಒಮ್ಮೆ ಓಡುವುದು ಯಾರಿಗೂ ಸುಲಭ. ನಿಲ್ಲದೆ ಹತ್ತು ಸಲ ಓಡಿ ನೋಡಿದರೆ ಉಸಿರೇ ಉತ್ತರ ಹೇಳುತ್ತದೆ. ಅವರು ಹಾಗೆ ಓಡಿದ್ದು 427 ಸಲಕ್ಕೂ ಹೆಚ್ಚು! ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಅವರಿಗಿಂತ ಮೇಲಿನ ಸ್ಥಾನ ಭಾರತೀಯರೊಬ್ಬರಿಗೆ ದಕ್ಕಿದ್ದು 56 ವರ್ಷಗಳ ನಂತರ: 1976ರ ಮಾಂಟ್ರಿಯಲ್‌ನಲ್ಲಿ ಶಿವನಾಥ ಸಿಂಗ್ 11ನೆಯವರಾದರು.

ಮೂರು ಸ್ಥಾನ ಮುಂದಿದ್ದವರು ಯಾರು?

ಚೌಗುಲೆ ಅವರಿಗಿಂತ ಸುಮಾರು ಎರಡು ನಿಮಿಷ ಮೊದಲು, 16ನೆಯವರಾಗಿ ಬಂದವರು ಜಪಾನಿನ ಶಿಜೊ ಕನಕುರಿ. ಕ್ರೀಡಾ ಲೋಕದ ಅತಿ ವಿಚಿತ್ರ ದಾಖಲೆಯೊಂದು ಇವರ ಹೆಸರಿನಲ್ಲಿದೆ. 1912ರ ಸ್ಟಾಕ್‌ಹೋಮ್ ಮ್ಯಾರಥಾನ್‌ನಲ್ಲಿ ಬಿಸಿಲಿಗೆ ಬಳಲಿ ದಾರಿ ಮಧ್ಯೆ ಒಂದು ಮನೆಯವರ ಆತಿಥ್ಯ ಸ್ವೀಕರಿಸಿದ ಕನಕುರಿ, ಸಂಘಟಕರಿಗೆ ತಿಳಿಸದೆಯೇ ಊರಿಗೆ ಮರಳಿದರು. ಸ್ವೀಡನ್ನಿನ ದಾಖಲೆಯಲ್ಲಿ ಅವರು ಕಾಣೆಯಾದವರು! 1967ರಲ್ಲಿ ಸ್ವೀಡನ್ನಿನವರೇ ಕರೆಸಿ ಉಳಿದ ಓಟ ಮುಗಿಸುವಂತೆ ಕೋರಿದರು. ಅವರ ಸಮಯ 54 ವರ್ಷ 8 ತಿಂಗಳು 6 ದಿನ 5 ಗಂಟೆ 32 ನಿಮಿಷ 20.3 ಸೆಕೆಂಡು ಎಂದು ಘೋಷಿಸಲಾಯಿತು.

ಅಡ್ಡದಾರಿ ಹಿಡಿದವರೂ ಇದ್ದರು. 1904ರಲ್ಲಿ ಅಮೆರಿಕದ ಫ್ರೆಡ್ ಲಾರ್ಜ್ ಸುಮಾರು 18 ಕಿ.ಮೀ. ದೂರವನ್ನು ಕಾರಿನಲ್ಲಿ ಕ್ರಮಿಸಿ ಮೊದಲಿಗನಾಗಿ ಕ್ರೀಡಾಂಗಣ ಹೊಕ್ಕು, ಪದಕ ಸ್ವೀಕರಿಸುವ ಹೊತ್ತಿಗೆ ಸಿಕ್ಕಿಬಿದ್ದಿದ್ದ.

ಕನಕುರಿ ಅವರ ಕಥೆ ಇಂದು ಜಗತ್ತಿನ ಮಕ್ಕಳ ಪುಸ್ತಕಗಳಲ್ಲಿದೆ. ಜಪಾನಿನಲ್ಲಿ 2019ರಲ್ಲಿ ಅದು ದೂರದರ್ಶನ ಧಾರಾವಾಹಿಯೂ ಆಯಿತು. ಅದೇ ದಿನ, ಅದೇ ದಾರಿಯಲ್ಲಿ, ಎರಡು ನಿಮಿಷದ ಅಂತರದಲ್ಲಿ ಓಡಿದ ಬೆಳಗಾವಿಯ ಫಡೆಪ್ಪ ಚೌಗುಲೆ ಅವರದು ಫಲಿತಾಂಶ ಪಟ್ಟಿಯ ಒಂದು ಸಾಲು. ಅಂದಿನ ದಾಖಲೆಗಳಲ್ಲಿ ಕರ್ನಾಟಕದ ಹೆಸರು ಇಲ್ಲದಿರುವುದು ಸಹಜ. ಇಂದಿನ ರಸಪ್ರಶ್ನೆ ಪುಸ್ತಕ ಬರೆಯುವವರಿಗೆ ಆ ನೆಪವಿಲ್ಲ.