ಸರ್ಕಾರವೇ ಕಾರಣ ಹೇಳಬೇಕು

ಸಂವಿಧಾನದ 19ನೇ ವಿಧಿಯ ಪಾಠ ಮಾಡುವಾಗ ಪ್ರತಿ ವರ್ಷವೂ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಸರ್, ಪೊಲೀಸರು ಸರ್ಕಾರದವರು, ಕೋರ್ಟೂ ಸರ್ಕಾರದ್ದೇ. ಹಾಗಿರುವಾಗ ಸರ್ಕಾರದ ಮೇಲೆಯೇ ಕೇಸು ಹಾಕಿ ಏನು ಪ್ರಯೋಜನ?" ನ್ಯಾಯವಾದ ಪ್ರಶ್ನೆ. ಒಂದು ಪೀರಿಯಡ್‌ನಲ್ಲಿ ಇದಕ್ಕೆ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ಕೋರ್ಟ್ ಸರ್ಕಾರದ್ದೇ ಎಂಬ ಮಾತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಸಂಬಳ ಸರ್ಕಾರಿ ಬೊಕ್ಕಸದಿಂದಲೇ ಬರುತ್ತದೆ, ನಿಜ. ಆದರೆ ಆ ಹಣವನ್ನು ಸಂಸತ್ತಿನಲ್ಲಿ ಮತಕ್ಕೆ ಹಾಕುವಂತಿಲ್ಲ. ತೀರ್ಪು ಇಷ್ಟವಾಗಲಿಲ್ಲ ಎಂದು ಸರ್ಕಾರ ಅವರನ್ನು ಮನೆಗೆ ಕಳಿಸುವಂತೆಯೂ ಇಲ್ಲ. ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಊರ್ಜಿತವಲ್ಲ ಎಂದು 13ನೇ ವಿಧಿ ಹೇಳುತ್ತದೆ. ಹಕ್ಕಿಗೆ ಧಕ್ಕೆಯಾದರೆ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ, 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಅಂಥ ಅರ್ಜಿಯಲ್ಲಿ ಸರ್ಕಾರ ಪ್ರತಿವಾದಿಯಾಗಿ ನಿಲ್ಲಬೇಕು.

ನಿಂತು ಏನು ಹೇಳಬೇಕು? ವಿಷಯದ ತಿರುಳು ಇರುವುದು ಇಲ್ಲಿಯೇ. 19(1)(ಎ) ನಮಗೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. ಅದನ್ನು ಯಾವ ಕಾರಣಕ್ಕೆ ಮಿತಿಗೊಳಿಸಬಹುದು ಎಂಬ ಪಟ್ಟಿ 19(2)ರಲ್ಲಿದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ ಮತ್ತು ಅಪರಾಧಕ್ಕೆ ಪ್ರಚೋದನೆ. ಒಟ್ಟು ಎಂಟು. ನಮ್ಮ ಮಾತನ್ನು ತಡೆದಿದ್ದಾರೆ ಎಂದು ನಾವು ತೋರಿಸಿದರೆ, ಮುಂದಿನ ಹೊರೆ ಸರ್ಕಾರದ ಮೇಲೆ ಬೀಳುತ್ತದೆ. ತಡೆಯಲು ಒಂದು ಕಾನೂನು ಇದೆಯೇ? ಆ ಕಾನೂನು ಈ ಎಂಟರಲ್ಲಿ ಯಾವುದಾದರೂ ಒಂದರೊಳಗೆ ಬರುತ್ತದೆಯೇ? ತಡೆದ ಪ್ರಮಾಣ ಸಮಂಜಸವೇ? ಈ ಮೂರಕ್ಕೂ ಅದು ಉತ್ತರ ಕೊಡಬೇಕು.

ಸಂವಿಧಾನ ಜಾರಿಯಾದ ನಾಲ್ಕೇ ತಿಂಗಳಲ್ಲಿ ಈ ಪರೀಕ್ಷೆ ನಡೆಯಿತು. ಬಾಂಬೆಯಲ್ಲಿ ರೊಮೇಶ್ ಥಾಪರ್ ಅವರು 'ಕ್ರಾಸ್ ರೋಡ್ಸ್' ಎಂಬ ಇಂಗ್ಲಿಷ್ ವಾರಪತ್ರಿಕೆ ನಡೆಸುತ್ತಿದ್ದರು. 1950ರ ಮಾರ್ಚ್‌ನಲ್ಲಿ ಮದ್ರಾಸ್ ಸರ್ಕಾರ ಆ ಪತ್ರಿಕೆ ತನ್ನ ರಾಜ್ಯದೊಳಗೆ ಬರುವುದನ್ನೂ ಹಂಚಿಕೆಯಾಗುವುದನ್ನೂ ನಿಷೇಧಿಸಿತು. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಅಂದರೆ ಮಂಗಳೂರಿನ ಓದುಗನಿಗೂ ಆ ಪತ್ರಿಕೆ ಸಿಗುವಂತಿರಲಿಲ್ಲ. ಥಾಪರ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಸರ್ಕಾರ ಕೊಟ್ಟ ಕಾರಣ ಸಾರ್ವಜನಿಕ ಸುರಕ್ಷತೆ ಮತ್ತು ಸುವ್ಯವಸ್ಥೆ. ಆದರೆ ಅಂದಿನ ಪಟ್ಟಿಯಲ್ಲಿ ರಾಜ್ಯದ ಭದ್ರತೆ ಇತ್ತೇ ಹೊರತು ಸಾರ್ವಜನಿಕ ಸುವ್ಯವಸ್ಥೆ ಇರಲಿಲ್ಲ. ಊರಿನ ಸಣ್ಣಪುಟ್ಟ ಗಲಾಟೆಗೂ ದೇಶದ ಭದ್ರತೆಗೂ ವ್ಯತ್ಯಾಸವಿದೆ ಎಂದು ಕೋರ್ಟು ಬಹುಮತದಿಂದ ನಿಷೇಧವನ್ನು ರದ್ದುಪಡಿಸಿತು. ಪತ್ರಿಕೆ ಅಚ್ಚು ಹಾಕುವ ಹಕ್ಕಿನಷ್ಟೇ ಅದನ್ನು ಹಂಚುವ ಹಕ್ಕೂ ಮುಖ್ಯ ಎಂಬುದು ಆ ತೀರ್ಪಿನಿಂದ ಸ್ಥಿರವಾಯಿತು.

ಸರ್ಕಾರ ಸುಮ್ಮನಾಗಲಿಲ್ಲ. 1951ರಲ್ಲಿ ಮೊದಲನೇ ತಿದ್ದುಪಡಿ ತಂದು 'ಸಾರ್ವಜನಿಕ ಸುವ್ಯವಸ್ಥೆ'ಯನ್ನು ಪಟ್ಟಿಗೆ ಸೇರಿಸಿತು. ಗೆದ್ದ ಕೇಸಿನ ಲಾಭ ಹೋಯಿತು ಎಂದು ಅನ್ನಿಸಬಹುದು. ಆದರೆ ಅದೇ ತಿದ್ದುಪಡಿಯಲ್ಲಿ 'ಸಮಂಜಸ' ಎಂಬ ಪದವೂ 19(2)ರೊಳಗೆ ಬಂತು. ನಿರ್ಬಂಧ ಸಮಂಜಸವೇ ಎಂದು ಕೋರ್ಟು ಇಂದಿಗೂ ಕೇಳುವುದು ಆ ಒಂದು ಪದದ ಬಲದಿಂದ.

ಮೊಬೈಲ್ ಹಿಡಿದ ನಿಮ್ಮ ಪೀಳಿಗೆಗೆ ಹತ್ತಿರದ ಕೇಸು 2015ರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಪ್ರಕಾರ, ಇಂಟರ್‌ನೆಟ್‌ನಲ್ಲಿ ಕಿರಿಕಿರಿ ಉಂಟುಮಾಡುವ ಸಂದೇಶ ಕಳಿಸಿದರೂ ಮೂರು ವರ್ಷದವರೆಗೆ ಜೈಲು ಆಗಬಹುದಿತ್ತು. 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರನ್ನು ಬಂಧಿಸಿದರು. ಒಬ್ಬಾಕೆ ರಾಜಕೀಯ ನಾಯಕರೊಬ್ಬರ ನಿಧನದ ನಂತರ ಮುಂಬೈ ಬಂದ್ ಆದದ್ದನ್ನು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದ್ದಳು. ಇನ್ನೊಬ್ಬಾಕೆ ಅದಕ್ಕೆ ಲೈಕ್ ಒತ್ತಿದ್ದಳು. ಇದನ್ನು ಓದಿದ ದೆಹಲಿಯ ಯುವತಿ ಶ್ರೇಯಾ ಸಿಂಘಾಲ್ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅವರ ಮೇಲೆ ಯಾವ ಕೇಸೂ ಇರಲಿಲ್ಲ ಎಂಬುದನ್ನು ಗಮನಿಸಿ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ 66ಎ ಅನ್ನು ಪೂರ್ತಿಯಾಗಿ ರದ್ದುಪಡಿಸಿತು. 'ಕಿರಿಕಿರಿ', 'ಅನಾನುಕೂಲ' ಎಂಬಂಥ ಪದಗಳಿಗೆ ಗಡಿಯೇ ಇಲ್ಲ, ಅವು ಎಂಟು ಕಾರಣಗಳಲ್ಲಿ ಬರುವುದೂ ಇಲ್ಲ. ಚರ್ಚೆ ಮಾಡುವುದು, ಒಂದು ವಿಚಾರವನ್ನು ಸಮರ್ಥಿಸುವುದು, ಅಪರಾಧಕ್ಕೆ ಪ್ರಚೋದಿಸುವುದು, ಇವು ಮೂರು ಬೇರೆ ಬೇರೆ. ಮೂರನೆಯದನ್ನು ಮುಟ್ಟಿದಾಗ ಮಾತ್ರ ಕಾನೂನು ತಡೆಯಬಹುದು ಎಂದು ಆ ತೀರ್ಪು ಹೇಳಿತು.

ಕಾರಣವಿದೆ, ಆದರೆ ಅದನ್ನು ನಿಮಗೆ ಹೇಳುವುದಿಲ್ಲ ಎಂದು ಸರ್ಕಾರ ಅಂದರೆ? ಮಲಯಾಳದ ಮೀಡಿಯಾ ಒನ್ ಸುದ್ದಿ ವಾಹಿನಿಗೆ ಆದದ್ದು ಅದೇ. ಗೃಹ ಸಚಿವಾಲಯ ಭದ್ರತಾ ಅನುಮತಿ ಕೊಡಲಿಲ್ಲ ಎಂದು 2022ರ ಜನವರಿಯಲ್ಲಿ ಅದರ ಪರವಾನಗಿ ನವೀಕರಣವನ್ನು ತಡೆಯಲಾಯಿತು. ಏಕೆ ಎಂಬುದನ್ನು ಸರ್ಕಾರ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ಕೊಟ್ಟಿತು. ಕೇರಳ ಹೈಕೋರ್ಟಿನಲ್ಲಿ ವಾಹಿನಿ ಎರಡು ಬಾರಿ ಸೋತಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆ ತೀರ್ಪುಗಳನ್ನು ತಳ್ಳಿಹಾಕಿತು. ಆಧಾರವಿಲ್ಲದೆ ರಾಷ್ಟ್ರೀಯ ಭದ್ರತೆಯ ಹೆಸರೆತ್ತಿದರೆ ಸಾಲದು, ತನ್ನ ಮೇಲಿನ ಆರೋಪವೇನೆಂದು ತಿಳಿಯದವನು ಉತ್ತರ ಕೊಡುವುದಾದರೂ ಹೇಗೆ ಎಂಬುದು ಅದರ ಸಾರಾಂಶ. ಸರ್ಕಾರದ ನೀತಿಯನ್ನು ಟೀಕಿಸಿದ ಮಾತ್ರಕ್ಕೆ ವಾಹಿನಿಯೊಂದು ವ್ಯವಸ್ಥೆಯ ವಿರೋಧಿ ಆಗುವುದಿಲ್ಲ ಎಂದೂ ಕೋರ್ಟು ಸ್ಪಷ್ಟಪಡಿಸಿತು.

ತೀರಾ ಈಚಿನದು ಒಂದು ಕವಿತೆಯ ಕೇಸು. ರಾಜ್ಯಸಭಾ ಸದಸ್ಯರೂ ಉರ್ದು ಕವಿಯೂ ಆದ ಇಮ್ರಾನ್ ಪ್ರತಾಪ್‌ಗಢಿ ಅವರು ಹಾಕಿದ ವಿಡಿಯೊ ಒಂದರ ಹಿನ್ನೆಲೆಯಲ್ಲಿ ಉರ್ದು ಕವಿತೆ ಇತ್ತು. ಅದು ದ್ವೇಷ ಹರಡುತ್ತದೆ ಎಂದು ಗುಜರಾತಿನ ಜಾಮ್‌ನಗರದಲ್ಲಿ ಎಫ್‌ಐಆರ್ ದಾಖಲಾಯಿತು. ಗುಜರಾತ್ ಹೈಕೋರ್ಟ್ ರದ್ದುಪಡಿಸಲು ಒಪ್ಪಲಿಲ್ಲ. 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವುಳ್ಳ ವ್ಯಕ್ತಿಯ ಕಣ್ಣಿನಿಂದ ಅಳೆಯಬೇಕು, ಎಲ್ಲದಕ್ಕೂ ಅಂಜುವವರ ಅಳತೆಯಿಂದ ಅಲ್ಲ ಎಂದಿತು. ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮೊದಲೇ ಪೊಲೀಸರು ಪ್ರಾಥಮಿಕ ವಿಚಾರಣೆ ಮಾಡುವುದು ಯುಕ್ತ ಎಂದೂ ಹೇಳಿತು.

ಇಷ್ಟು ಓದಿ ಕೋರ್ಟಿಗೆ ಹೋದರೆ ಸಾಕು, ಎಲ್ಲ ಸರಿಯಾಗುತ್ತದೆ ಎಂದು ಯಾರೂ ತಿಳಿಯಬಾರದು. 1962ರ ಕೇದಾರ್‌ನಾಥ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ರಾಜದ್ರೋಹದ ಕಾನೂನನ್ನು ಉಳಿಸಿಕೊಂಡಿತು, ಹಿಂಸೆಗೆ ಅಥವಾ ಅಶಾಂತಿಗೆ ಪ್ರಚೋದಿಸಿದರೆ ಮಾತ್ರ ಬಳಸಬೇಕು ಎಂಬ ಮಿತಿಯೊಂದಿಗೆ. ಆ ಮಿತಿಯನ್ನು ಎಲ್ಲ ಠಾಣೆಗಳೂ ನೆನಪಿಡುತ್ತಿರಲಿಲ್ಲ. 2020ರ ಜನವರಿಯಲ್ಲಿ ನಮ್ಮದೇ ರಾಜ್ಯದ ಬೀದರ್‌ನಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಶಾಲಾ ಮಕ್ಕಳು ಆಡಿದ ನಾಟಕಕ್ಕಾಗಿ ರಾಜದ್ರೋಹದ ಕೇಸು ಬಿತ್ತು. ಒಬ್ಬ ಶಿಕ್ಷಕಿ ಮತ್ತು ಒಬ್ಬ ತಾಯಿ ಜೈಲಿನಲ್ಲಿ ದಿನ ಕಳೆದರು. ಪೊಲೀಸರು ಮಕ್ಕಳನ್ನೂ ಪ್ರಶ್ನಿಸಿದರು. ಹೈಕೋರ್ಟಿನ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ಕೇಸನ್ನು ರದ್ದುಪಡಿಸಿದ್ದು 2023ರ ಜೂನ್‌ನಲ್ಲಿ. ನಡುವೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸರಿದಿತ್ತು. ರದ್ದಾದ 66ಎ ಅಡಿಯಲ್ಲೂ ವರ್ಷಗಟ್ಟಲೆ ಕೇಸುಗಳು ಬೀಳುತ್ತಲೇ ಇದ್ದವು. ಇನ್ನು ಮುಂದೆ ಹಾಕಬಾರದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶಿಸಬೇಕಾಯಿತು.

ಹಾಗಾದರೆ ಪ್ರಯೋಜನವೇನು? ಥಾಪರ್ ಗೆದ್ದದ್ದು ಒಂದು ಪತ್ರಿಕೆಗಾಗಿ, ಆದರೆ 75 ವರ್ಷಗಳ ನಂತರವೂ ವಕೀಲರು ಆ ತೀರ್ಪನ್ನು ಎತ್ತಿ ತೋರಿಸುತ್ತಾರೆ. ಒಬ್ಬರು ಗೆದ್ದ ಹಕ್ಕು ಮುಂದೆ ಬರುವ ನೂರು ಜನರಿಗೆ ಸಿಗುತ್ತದೆ. ಅವರ ಜಾತಿ, ಮತ, ಪಕ್ಷ ಯಾವುದೆಂದು ತೀರ್ಪು ಕೇಳುವುದಿಲ್ಲ. ನಮಗೆ ಹಿಡಿಸದ ಮಾತಾಡುವವನಿಗೂ ಅದೇ ರಕ್ಷಣೆ ಇದೆ ಎಂಬುದನ್ನು ನಾವೂ ಒಪ್ಪಬೇಕು. ಒಂದು ಸಮುದಾಯದ ಮೇಲೆ ಹಿಂಸೆಗೆ ಕರೆ ಕೊಡುವ ಮಾತಿಗೆ ಮಾತ್ರ ಆ ರಕ್ಷಣೆ ಯಾರಿಗೂ ಇಲ್ಲ.

ಕೊನೆಯದಾಗಿ ಉಪಯೋಗಕ್ಕೆ ಬರುವ ಎರಡು ವಿಷಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ ಮತ್ತು ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿ 15100. ಇನ್ನೊಂದು: ನಿಮ್ಮ ಲೇಖನವನ್ನೋ ಸಭೆಯನ್ನೋ ಪೋಸ್ಟನ್ನೋ ಅಧಿಕಾರಿಯೊಬ್ಬರು ತಡೆದರೆ ಜಗಳಕ್ಕೆ ಇಳಿಯಬೇಡಿ, ಹೆದರಿ ಅಳಿಸಿಹಾಕುವ ಅವಸರವನ್ನೂ ಮಾಡಬೇಡಿ. ಯಾವ ಕಾನೂನಿನ ಯಾವ ಸೆಕ್ಷನ್, ಯಾವ ಕಾರಣ ಎಂದು ಮರ್ಯಾದೆಯಿಂದ ಕೇಳಿ, ಲಿಖಿತವಾಗಿ ಪಡೆಯಿರಿ. ಮನೆಯವರಿಗೂ ಒಬ್ಬ ವಕೀಲರಿಗೂ ತಿಳಿಸಿ. ಮುಂದೆ ಕೋರ್ಟು ಮೊದಲು ನೋಡುವುದು ಆ ಕಾಗದವನ್ನೇ.