ಪ್ರೌಢಶಾಲಾ ಗಣಿತ ಮತ್ತು ಭೌತಶಾಸ್ತ್ರಗಳ ದೂರಬೋಧನೆ: ಅಂಚೆಯಿಂದ ಅಂತರ್ಜಾಲದವರೆಗೆ

ಗಣಿತ ಹಾಗೂ ಭೌತಶಾಸ್ತ್ರಗಳಲ್ಲಿ ವಿಶೇಷ ಅಭಿರುಚಿಯುಳ್ಳ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಪಠ್ಯಕ್ರಮವನ್ನು ಮೀರಿದ ಬೋಧನೆಯು ಇಂದು ಅಂತರ್ಜಾಲದ ಮೂಲಕ ದೊರೆಯುತ್ತಿದೆ. ಇದನ್ನು ಗಣಕಯಂತ್ರದ ಕೊಡುಗೆಯೆಂದು ಭಾವಿಸುವುದು ವಾಡಿಕೆ. ಆದರೆ ಇತಿಹಾಸವನ್ನು ಪರಿಶೀಲಿಸಿದಲ್ಲಿ ಇದರ ಮೂಲವನ್ನು ನಾವು ಅಂಚೆಯ ವ್ಯವಸ್ಥೆಯಲ್ಲಿ ಕಾಣುತ್ತೇವೆ.

ಹಂಗೆರಿಯ ಗ್ಯೋರ್ ನಗರದಲ್ಲಿ ಉಪಾಧ್ಯಾಯರಾಗಿದ್ದ ಡಾನಿಯೆಲ್ ಅರಾನಿ ಎಂಬವರು 1894ರಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ಗಣಿತಪತ್ರಿಕೆಯೊಂದನ್ನು ಹೊರತಂದರು. ಪತ್ರಿಕೆಯು ಸಮಸ್ಯೆಗಳನ್ನು ಒಡ್ಡುತ್ತಿತ್ತು. ಮಕ್ಕಳು ಅವನ್ನು ಬಿಡಿಸಿ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಉತ್ತಮವಾದುವು ಅವರವರ ಹೆಸರಿನೊಡನೆ ಅಚ್ಚಾಗುತ್ತಿದ್ದುವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನಿಂತ ಈ ಪತ್ರಿಕೆಯು 1925ರಲ್ಲಿ ಪುನರಾರಂಭವಾದಾಗ ಭೌತಶಾಸ್ತ್ರವೂ ಅದರಲ್ಲಿ ಸ್ಥಾನ ಪಡೆಯಿತು.

ಸೋವಿಯತ್ ಒಕ್ಕೂಟದಲ್ಲಿ ಇಂತಹ ಕಾರ್ಯವನ್ನು ಕೈಗೊಂಡವರು ಗಣಿತಜ್ಞ ಐ. ಎಂ. ಗೆಲ್ಫಾಂಡ್ (1913–2009). ಸ್ವತಃ ಪ್ರೌಢಶಿಕ್ಷಣವನ್ನು ಪೂರೈಸಲಾಗದಿದ್ದ ಅವರು, 1964ರಲ್ಲಿ ಅಂಚೆಶಾಲೆಯೊಂದನ್ನು ಸ್ಥಾಪಿಸಿ, ಮಾಸ್ಕೋದಿಂದ ದೂರವಿದ್ದ ಸಣ್ಣ ಊರುಗಳ ಮತ್ತು ಹಳ್ಳಿಗಳ ಮಕ್ಕಳಿಗೆ ಗಣಿತ ಕಲಿಸುವ ಏರ್ಪಾಡು ಮಾಡಿದರು. ಮಾಸ್ಕೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಆ ಮಕ್ಕಳ ಉತ್ತರಗಳನ್ನೋದಿ, ತಿದ್ದಿ, ಹಿಂದಿರುಗಿಸುತ್ತಿದ್ದರು. ಒಂದು ಶಾಲೆಯ ಹಲವು ಮಕ್ಕಳು ತಮ್ಮ ಉಪಾಧ್ಯಾಯರ ಮಾರ್ಗದರ್ಶನದಲ್ಲಿ ಕೂಡಿ ಬಿಡಿಸಿ, ಒಂದೇ ಉತ್ತರಪತ್ರವನ್ನು ಕಳುಹಿಸುವ ‘ಸಾಮೂಹಿಕ ವಿದ್ಯಾರ್ಥಿ’ ಪದ್ಧತಿಯೂ ಅಲ್ಲಿತ್ತು.

1996ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ‘ಎನ್‌ರಿಚ್’ ಎಂಬ ಗಣಿತಯೋಜನೆಯು ಆರಂಭವಾದಾಗ, ಅಂಚೆಯ ಕೆಲಸವನ್ನು ಅಂತರ್ಜಾಲವು ವಹಿಸಿಕೊಂಡಿತು. ವಿದ್ಯಾರ್ಥಿಗಳು ಕಳುಹಿಸಿದ ಪರಿಹಾರಗಳಲ್ಲಿ ಕೆಲವನ್ನು ಆಯ್ದು ಪ್ರಕಟಿಸುವ ಕ್ರಮವು ಇಲ್ಲಿಯೂ ಮುಂದುವರಿಯಿತು.

ಸಾಧನವು ಬದಲಾದರೂ ಈ ಮೂರರಲ್ಲಿಯೂ ಸಮಾನವಾದ ಅಂಶವೊಂದುಂಟು. ವಿದ್ಯಾರ್ಥಿಯು ಉತ್ತರವನ್ನು ಮಾತ್ರವಲ್ಲದೆ, ಅದನ್ನು ಸಾಧಿಸಿದ ಬಗೆಯನ್ನೂ ಬರೆಯುವನು. ಅದನ್ನು ಬಲ್ಲವರೊಬ್ಬರು ಓದುವರು. ಉತ್ತರವು ಸರಿಯೋ ತಪ್ಪೋ ಎಂಬುದನ್ನು ಯಂತ್ರವು ಕ್ಷಣಮಾತ್ರದಲ್ಲಿ ತಿಳಿಸಬಲ್ಲುದು. ಆದರೆ ಅಷ್ಟಕ್ಕೇ ನಿಲ್ಲುವ ಬೋಧನೆಯು ವೇಗದಲ್ಲಿ ಅಂಚೆಯನ್ನು ಮೀರಿಸಿದರೂ, ಪ್ರಯೋಜನದಲ್ಲಿ ಅದಕ್ಕಿಂತ ಹಿಂದುಳಿಯುವುದು.

ಇನ್ನೊಂದು ವಿಷಯವೂ ಗಮನಾರ್ಹ. ಅಂಚೆಗೆ ಕಾಗದ ಮತ್ತು ಅಂಚೆಚೀಟಿಗಳು ಸಾಕಾಗಿದ್ದುವು; ಅಂತರ್ಜಾಲಕ್ಕೆ ಉಪಕರಣವೂ ಸಂಪರ್ಕವೂ ಬೇಕು. ಇವು ಪ್ರತಿಯೊಬ್ಬ ವಿದ್ಯಾರ್ಥಿಗೂ ಲಭ್ಯವಿಲ್ಲದೆಡೆ ‘ಸಾಮೂಹಿಕ ವಿದ್ಯಾರ್ಥಿ’ಯ ಪದ್ಧತಿಯು ಇಂದಿಗೂ ಅನುಸರಣೀಯವಾಗಿದೆ. ಶಾಲೆಯಲ್ಲಿ ಒಂದೇ ಗಣಕಯಂತ್ರವಿದ್ದರೂ, ಆಸಕ್ತರಾದ ಉಪಾಧ್ಯಾಯರೊಬ್ಬರಿದ್ದಲ್ಲಿ, ಹತ್ತು ಮಕ್ಕಳು ಕೂಡಿ ಕಲಿಯಬಹುದು. ದೂರದ ಊರಿನ ಮಗುವು ಇಂತಹ ಬೋಧನೆಯಿಂದ ವಂಚಿತವಾಗಬಾರದೆಂಬುದೇ ಗೆಲ್ಫಾಂಡರ ಪ್ರಯತ್ನದಿಂದ ನಾವು ಗ್ರಹಿಸಬೇಕಾದ ಸಾರಾಂಶ.