ಮನೆಯಲ್ಲಿ ಬೆಳೆಸಿದ ಹೋತಕ್ಕೆ ಸರಿಯಾದ ಬೆಲೆ



ನಮ್ಮ ರೈತ ಕುಟುಂಬಗಳಲ್ಲಿ ಆಡು ಎಂದರೆ ಹಿತ್ತಲಲ್ಲಿ ಕಟ್ಟಿದ ಬ್ಯಾಂಕು ಇದ್ದಂತೆ. ಕಬ್ಬಿನ ಬಿಲ್ಲು ತಡವಾದಾಗ, ಜೂನ್ ತಿಂಗಳಲ್ಲಿ ಮಕ್ಕಳ ಶಾಲೆಯ ಫೀ ಕಟ್ಟಬೇಕಾದಾಗ, ಮನೆಯವರು ಯಾರಾದರೂ ಆಸ್ಪತ್ರೆ ಸೇರಿದಾಗ ಮೊದಲು ನೆನಪಾಗುವುದು ಹಿತ್ತಲಿನ ಹೋತ. ವರ್ಷವಿಡೀ ಮೇವು ತಂದು, ನೀರು ಕುಡಿಸಿ, ಹಿಕ್ಕೆ ಗುಡಿಸಿ ಅದನ್ನು ಸಾಕಿದವರು ಹೆಚ್ಚಾಗಿ ಮನೆಯ ತಾಯಂದಿರು. ಆದರೆ ಅದರ ಬೆಲೆ ಹೇಳುವವನು ಐದು ನಿಮಿಷ ಬೆನ್ನ ಮೇಲೆ ಕೈಯಾಡಿಸಿದ ವ್ಯಾಪಾರಿ! ಅವಸರದಲ್ಲಿ ಕೊಟ್ಟ ಹೋತದಿಂದ ನಷ್ಟವಾಗುವುದು ಆ ತಾಯಿಯ ದುಡಿಮೆಗೆ. ಆದುದರಿಂದ ಈ ಸಲ ನಾವು ಮನೆಯಲ್ಲಿ ಬೆಳೆಸಿದ ಹೋತವನ್ನು ನೇರವಾಗಿ ಗಿರಾಕಿಗಳಿಗೆ ಮಾರುವಾಗ ಬೆಲೆ ಹೇಗೆ ಕಟ್ಟಬೇಕು ಎಂಬುದನ್ನು ನೋಡೋಣ.

ದನದ ಮಾಂಸದ ಬಗ್ಗೆ ಮೊದಲು ಒಂದು ಮಾತು

"ಹೋತದಂತೆ ಮನೆಯ ದನವನ್ನೂ ಮಾಂಸಕ್ಕೆ ಮಾರಬಹುದೇ?" ಎಂದು ಕೆಲವರು ಕೇಳುವುದುಂಟು. ಮಹಾರಾಷ್ಟ್ರದಲ್ಲಿ 1976ರ ಪ್ರಾಣಿ ಸಂರಕ್ಷಣಾ ಕಾಯಿದೆಯಿಂದಲೇ ಗೋವಧೆಗೆ ನಿಷೇಧವಿತ್ತು. 2015ರ ಮಾರ್ಚಿನಲ್ಲಿ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ದೊರೆತ ಮೇಲೆ ಹೋರಿ ಮತ್ತು ಎತ್ತುಗಳೂ ಆ ನಿಷೇಧದೊಳಗೆ ಬಂದವು. ಎಮ್ಮೆ, ಕೋಣಗಳಿಗೆ ಅಧಿಕಾರಿಯ ಪ್ರಮಾಣಪತ್ರ ಬೇಕು. ಗಡಿಯಾಚೆ ಸಂಕೇಶ್ವರ, ನಿಪ್ಪಾಣಿ ಕಡೆ ನೆಂಟಸ್ತನ ಇರುವವರು ಇನ್ನೊಂದನ್ನು ನೆನಪಿಡಬೇಕು. ಕರ್ನಾಟಕದ 2020ರ ಕಾಯಿದೆಯಂತೆ ಅಲ್ಲಿ 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಮಾತ್ರ, ಅದೂ ಪ್ರಮಾಣಪತ್ರ ಪಡೆದು ಕಡಿಯಬಹುದು. ಹೀಗಿರುವಾಗ ನಮ್ಮ ಸೀಮೆಯ ಸಣ್ಣ ರೈತನಿಗೆ ಮಾಂಸದ ನೇರ ಮಾರಾಟ ಎಂದರೆ ಆಡು ಮತ್ತು ಕುರಿ.

ಕಣ್ಣಂದಾಜಿನ ವ್ಯಾಪಾರ

ನಮ್ಮ ದನದ ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾಡುವ ಪದ್ಧತಿಯನ್ನು ಹಿರಿಯರೆಲ್ಲ ಬಲ್ಲರು. ಆಡಿನ ವ್ಯಾಪಾರವೂ ಬಹಳ ಕಡೆ ಕಣ್ಣಂದಾಜಿನಲ್ಲೇ ನಡೆಯುತ್ತದೆ. ವ್ಯಾಪಾರಿ ದಿನಕ್ಕೆ ಇಪ್ಪತ್ತು ಹೋತ ನೋಡುವವನು. ಸೊಂಟ ಒತ್ತಿದರೆ ಮಾಂಸ ಎಷ್ಟು ಬೀಳುತ್ತದೆಂದು ಅವನಿಗೆ ತಿಳಿಯುತ್ತದೆ. ವರ್ಷಕ್ಕೆ ಎರಡು ಹೋತ ಮಾರುವ ನಮಗೆ ಆ ಅಂದಾಜು ಎಲ್ಲಿಂದ ಬರಬೇಕು?

ಕೊಂಡು ತಿನ್ನುವವರಿಗೂ ಸಮಾಧಾನವಿಲ್ಲ. ಕೊಲ್ಹಾಪುರದಲ್ಲಿ ತಾಂಬಡಾ, ಪಾಂಢರಾ ರಸ್ಸಾ ಇಲ್ಲದೆ ಅತಿಥಿ ಸತ್ಕಾರವೇ ಇಲ್ಲ. 2019ರ ಕೊನೆಯಲ್ಲಿ ಅದೇ ಊರಲ್ಲಿ ಮಟನ್ ದರ ಏರಿತೆಂದು ಜನ ಬೀದಿಗಿಳಿದರು, ಅಂಗಡಿಗಳು ಮುಚ್ಚಿದವು, ಮಾತುಕತೆ ನಡೆಸಿ ದರ ಗೊತ್ತುಮಾಡಬೇಕಾಯಿತು. ಗಿರಾಕಿ "ದುಬಾರಿ" ಎನ್ನುತ್ತಾನೆ, ಅಂಗಡಿಯವನು "ಹೋತ ತುಟ್ಟಿಯಾಗಿದೆ" ಎನ್ನುತ್ತಾನೆ. ಹೋತ ಸಾಕಿದವನು ಮಾತ್ರ ತನ್ನ ಅಸಲು ಎಷ್ಟೆಂದು ಹೇಳಲಾರ, ಏಕೆಂದರೆ ಅವನು ಲೆಕ್ಕ ಬರೆದಿಟ್ಟಿಲ್ಲ.

ಮೊದಲ ಹೆಜ್ಜೆ: ತೂಕ

ಬೆಲೆ ಹೇಳುವ ಮೊದಲು ತೂಕ ತಿಳಿಯಬೇಕು. ನಾಲ್ಕಾರು ಮನೆಯವರು ಸೇರಿ ಒಂದು ತೂಗುಕಾಟ ಕೊಂಡರೆ ಎಲ್ಲರಿಗೂ ಆಗುತ್ತದೆ. ಅದು ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ತುದಿಯಿಂದ ಪೃಷ್ಠದ ಎಲುಬಿನವರೆಗೆ ಉದ್ದವನ್ನು ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು ಕಿಲೋ ಲೆಕ್ಕ ಬರುತ್ತದೆ. ಸುತ್ತಳತೆ 28 ಇಂಚು, ಉದ್ದ 25 ಇಂಚು ಇದ್ದರೆ ತೂಕ ಸುಮಾರು 30 ಕಿಲೋ. ಬೆಳಿಗ್ಗೆ ಮೇವು ಹಾಕುವ ಮುಂಚೆ ಅಳೆಯಬೇಕು. ಹೊಟ್ಟೆ ತುಂಬಿದ ಹೋತ ತೂಕಕ್ಕೆ ಭಾರ, ಮಾಂಸಕ್ಕೆ ಅಲ್ಲ.

ಜೀವಂತ ತೂಕವೆಲ್ಲ ಮಾಂಸವಾಗುವುದಿಲ್ಲ. ತಲೆ, ಕಾಲು, ಚರ್ಮ, ಕರುಳು, ರಕ್ತ ತೆಗೆದರೆ ಚೆನ್ನಾಗಿ ಮೇಯಿಸಿದ ಉಸ್ಮಾನಾಬಾದಿ ತಳಿಯಂಥ ಹೋತದಲ್ಲಿ ಸಾಮಾನ್ಯವಾಗಿ ನೂರಕ್ಕೆ 45ರಿಂದ 50 ಪಾಲು ಉಳಿಯುತ್ತದೆ. 30 ಕಿಲೋ ಹೋತದಿಂದ 14 ಕಿಲೋ ಎಂದು ಹಿಡಿಯೋಣ. ಕಡಿದು ಪಾಲು ಮಾಡುವಾಗ ಇನ್ನೂ 400 ಗ್ರಾಂ ಹೋದರೆ ಕೈಗೆ ಸಿಗುವುದು 13 ಕಿಲೋ 600 ಗ್ರಾಂ. ಇದನ್ನು ಮರೆತು ಜೀವಂತ ತೂಕದ ದರಕ್ಕೂ ಮಾಂಸದ ದರಕ್ಕೂ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಎರಡನೆಯ ಹೆಜ್ಜೆ: ಅಸಲು

ನಗದು ಕೊಟ್ಟದ್ದನ್ನು ಮಾತ್ರ ಖರ್ಚು ಎಂದು ಬರೆಯುವುದು ನಮ್ಮ ಮನೆಗಳ ವಾಡಿಕೆ. ಹೊಲದ ಬದುವಿನ ಹುಲ್ಲು, ಕಬ್ಬಿನ ಸೋಗೆ, ಗಡಹಿಂಗ್ಲಜ ಕಡೆಯ ಶೇಂಗಾ ಹೊಟ್ಟು ಇವೆಲ್ಲ "ಮನೆಯದೇ" ಎಂದು ಬಿಟ್ಟುಬಿಡುತ್ತೇವೆ. ಆದರೆ ಅದೇ ಹೊಟ್ಟನ್ನು ನೆರೆಯವರಿಗೆ ಮಾರಿದ್ದರೆ ಹಣ ಬರುತ್ತಿತ್ತಲ್ಲವೇ? ತಾಯಿ ದಿನಕ್ಕೆ ಎರಡು ಗಂಟೆ ಆಡುಗಳ ಹಿಂದೆ ತಿರುಗದೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗಿದ್ದರೆ ಪಗಾರ ಬರುತ್ತಿತ್ತಲ್ಲವೇ? ಆದುದರಿಂದ ಎರಡನ್ನೂ ಬರೆಯಬೇಕು.

ಹತ್ತು ಮರಿ ಸಾಕುವ ಒಂದು ಮನೆಯ ಮಾದರಿ ಲೆಕ್ಕವನ್ನು ಕೆಳಗೆ ಕೊಟ್ಟಿದ್ದೇವೆ. ನಾಲ್ಕು ತಿಂಗಳ ಮರಿಯನ್ನು ಎಂಟು ತಿಂಗಳು, ಅಂದರೆ 240 ದಿನ ಸಾಕಿ, ವರ್ಷದ ಹೋತವಾದಾಗ ಮಾರುವುದೆಂದು ಹಿಡಿದಿದೆ. ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರ ಹಾಕಿಕೊಳ್ಳಿ.

1. ಮರಿಯ ಬೆಲೆ: 2,500 ರೂ.
2. ಹಿಂಡಿ, ನುಚ್ಚು ದಿನಕ್ಕೆ 200 ಗ್ರಾಂ, ಒಟ್ಟು 48 ಕಿಲೋ, ಕಿಲೋಗೆ 28 ರೂ.: 1,344 ರೂ.
3. ಮೇವು ದಿನಕ್ಕೆ ಎರಡೂವರೆ ಕಿಲೋ, ಒಟ್ಟು 600 ಕಿಲೋ, ಕಿಲೋಗೆ ಎರಡೂವರೆ ರೂ.: 1,500 ರೂ.
4. ದುಡಿಮೆ: ಹತ್ತಕ್ಕೂ ಸೇರಿ ದಿನಕ್ಕೆ ಎರಡು ಗಂಟೆ, ಗಂಟೆಗೆ 40 ರೂ.; ಒಂದಕ್ಕೆ ದಿನಕ್ಕೆ 8 ರೂ.: 1,920 ರೂ.
5. ಲಸಿಕೆ, ಜಂತಿನ ಔಷಧಿ: 200 ರೂ.
6. ಕೊಟ್ಟಿಗೆ, ಹಗ್ಗ, ಬಕೆಟ್ಟಿನ ಪಾಲು: 300 ರೂ.

ಒಟ್ಟು 7,764 ರೂ. ಹತ್ತರಲ್ಲಿ ಒಂದು ಸತ್ತರೂ ಸಾಯಬಹುದು. ಆ ನಷ್ಟಕ್ಕೆ ಹತ್ತನೆಯ ಒಂದು ಭಾಗ, 776 ರೂ. ಸೇರಿಸಿದರೆ ಅಸಲು 8,540 ರೂ. ಇದನ್ನು 30 ಕಿಲೋದಿಂದ ಭಾಗಿಸಿದರೆ ಜೀವಂತ ತೂಕದಲ್ಲಿ ಕಿಲೋಗೆ 285 ರೂ. ಇದು ನಿಮ್ಮ ಗಡಿ. ವ್ಯಾಪಾರಿ 8,000 ಕೊಟ್ಟರೆ ಕೈಯಲ್ಲಿ ನೋಟು ಕಂಡು ಸಂತೋಷವಾಗುತ್ತದೆ. ಆದರೆ ತಾಯಿಯ 1,920 ರೂಪಾಯಿಯ ದುಡಿಮೆಯಲ್ಲಿ 540 ಅಲ್ಲೇ ಹೋಯಿತು.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಹಿಂಡಿ, ಮೇವು, ದುಡಿಮೆ ಸೇರಿ ಒಂದು ಹೋತಕ್ಕೆ ದಿನಕ್ಕೆ ಸುಮಾರು 20 ರೂ., ತಿಂಗಳಿಗೆ 600 ರೂ. ಜೀವಂತ ತೂಕ ಕಿಲೋಗೆ 300 ಇದ್ದಾಗ ತಿಂಗಳಿಗೆ ಎರಡು ಕಿಲೋ ಬೆಳೆಯದ ಹೋತವನ್ನು ಇಟ್ಟುಕೊಂಡರೆ ನಷ್ಟವೇ. ತಿಂಗಳಿಗೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಮೂರನೆಯ ಹೆಜ್ಜೆ: ಪಾಲು ಹಾಕುವುದು

ಹಳ್ಳಿಗಳಲ್ಲಿ ಹತ್ತು ಮನೆ ಸೇರಿ ಹೋತ ಕಡಿಸಿ ಪಾಲು ಹಾಕಿಕೊಳ್ಳುವ ಪದ್ಧತಿ ಹಳೆಯದು. ಮರಾಠಿಯಲ್ಲಿ ಇದನ್ನು ವಾಟಾ ಎನ್ನುತ್ತಾರೆ. ನೇರ ಮಾರಾಟಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ತೊಡೆ, ಪಕ್ಕೆ, ಕುತ್ತಿಗೆ, ಕಲೇಜಿ ಎಲ್ಲವೂ ಎಲ್ಲ ಪಾಲಿಗೂ ಸಮನಾಗಿ ಬೀಳುವುದರಿಂದ ಜಗಳವಿಲ್ಲ.

ಮೇಲಿನ ಹೋತಕ್ಕೆ ಕಡಿಯುವ ಕೂಲಿ, ಪರೀಕ್ಷೆ, ಚೀಲ, ಓಡಾಟ ಎಂದು 660 ರೂ. ಸೇರಿಸಿ: 9,200 ರೂ. ತಲೆ-ಕಾಲು, ಬೋಟಿ ಬೇರೆಯಾಗಿ ಮಾರಿ 700 ರೂ. ಬಂದರೆ ಉಳಿಯುವುದು 8,500 ರೂ. ಚರ್ಮದ ದರ ಈಚಿನ ವರ್ಷಗಳಲ್ಲಿ ತೀರ ಕುಸಿದಿರುವುದರಿಂದ ಅದನ್ನು ನಂಬಬೇಡಿ. 8,500ನ್ನು 13.6 ಕಿಲೋದಿಂದ ಭಾಗಿಸಿದರೆ ಮಾಂಸದ ಅಸಲು ಕಿಲೋಗೆ 625 ರೂ. ಇದಕ್ಕಿಂತ ಕಡಿಮೆಗೆ ಕೊಟ್ಟರೆ ಅದು ದಾನ, ವ್ಯಾಪಾರವಲ್ಲ. ಇದರ ಮೇಲೆ ಪೇಟೆಯ ದರ ನೋಡಿ ನಿಮ್ಮ ಲಾಭ ಸೇರಿಸಿ. 680ಕ್ಕೆ ಮಾರಿದರೆ ಮಾಂಸದಿಂದ 9,248 ರೂ., ತಲೆ-ಕಾಲು ಸೇರಿ 9,948 ರೂ.; ಮಾರಾಟದ ಖರ್ಚು ಕಳೆದು ಕೈಗೆ 9,288 ರೂ. ವ್ಯಾಪಾರಿಯ 8,000ಕ್ಕಿಂತ ಇದು 1,288 ರೂ. ಹೆಚ್ಚು. ಹತ್ತು ಪಾಲು ಮಾಡಿದರೆ ಪಾಲಿಗೆ 1 ಕಿಲೋ 360 ಗ್ರಾಂ, ಬೆಲೆ 925 ರೂ.

ಮೂರು ನಿಯಮಗಳನ್ನು ಬಿಡಬೇಡಿ. ಒಂದು, ಹತ್ತು ಪಾಲಿಗೂ ಗಿರಾಕಿ ಗೊತ್ತಾಗಿ ಮುಂಗಡ ಬಂದ ಮೇಲೆಯೇ ಹೋತ ಕಡಿಸಿ. ಉಳಿದ ಎರಡು ಪಾಲು ಮಧ್ಯಾಹ್ನದ ಹೊತ್ತಿಗೆ ಅರ್ಧ ಬೆಲೆಗೆ ಹೋದರೆ ಲಾಭವೆಲ್ಲ ಮುಗಿಯಿತು. ಎರಡು, ಉದ್ರಿ ಬೇಡ. ಮೂರು, ಬೀಗರಿಗೆ ಒಂದು ದರ, ಊರವರಿಗೆ ಒಂದು ದರ ಬೇಡ. ಬೀಗರ ಮೇಲೆ ಪ್ರೀತಿ ಇದ್ದರೆ ನಿಮ್ಮ ಪಾಲಿನಿಂದ ಕೊಡಿ, ದರ ಮುರಿಯಬೇಡಿ. ಮುದ್ರೆ ಹಾಕಿಸಿದ ತಕ್ಕಡಿಯಲ್ಲಿ ಗಿರಾಕಿಯ ಎದುರೇ ತೂಗಿ. ಒಮ್ಮೆ ತೂಕದಲ್ಲಿ ನಂಬಿಕೆ ಬಂದರೆ ಅವರು ಮುಂದಿನ ಸಲವೂ ಬರುತ್ತಾರೆ.

ಗಿರಾಕಿ ಮತ್ತು ಕಾಲ

ಕೊಲ್ಹಾಪುರದ ಗಿರಾಕಿ ರಸ್ಸಾಕ್ಕೆ ಎಳೆಯ ಮಾಂಸ, ಎಲುಬು ಕೇಳುತ್ತಾನೆ. ಇಚಲಕರಂಜಿಯಲ್ಲಿ ಮಗ್ಗದ ಕೆಲಸದ ಕುಟುಂಬಗಳಿಗೆ ಅರ್ಧ ಪಾಲು ಇದ್ದರೆ ಅನುಕೂಲ; ಹತ್ತರ ಬದಲು ಇಪ್ಪತ್ತು ಪಾಲು ಮಾಡಿ. ಗಡಹಿಂಗ್ಲಜದ ಹಳ್ಳಿಗಳಲ್ಲಿ ಜಾತ್ರೆಯ ಸಮಯ ನೋಡಿ. ಆಷಾಢದಲ್ಲಿ ಬೇಡಿಕೆ ಏರುತ್ತದೆ, ಶ್ರಾವಣದಲ್ಲಿ ಇಳಿಯುತ್ತದೆ. ನಮ್ಮವರಲ್ಲಿ ತಪಸ್ಸುಕಾಲದಲ್ಲಿ ಬೇಡಿಕೆ ಇಲ್ಲ, ಕ್ರಿಸ್ಮಸ್ ಮತ್ತು ಪಾಸ್ಖಕ್ಕೆ ಇದೆ. ಬಕ್ರೀದಿಗೆ ವರ್ಷ ತುಂಬಿದ, ಕುಂಟು ಕುರುಡು ಮುಂತಾದ ದೋಷವಿಲ್ಲದ ಹೋತ ಬೇಕು; ಆಗ ಪಾಲು ಹಾಕುವುದಕ್ಕಿಂತ ಜೀವಂತ ಮಾರುವುದೇ ಲಾಭ. ಈ ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಬರುತ್ತದೆ. ಮರಿ ಕೊಳ್ಳುವಾಗಲೇ ಮಾರುವ ತಿಂಗಳನ್ನು ಲೆಕ್ಕ ಹಾಕಿ.

ತಿನ್ನುವವರ ಆರೋಗ್ಯ

ನೇರವಾಗಿ ಮಾರುವವನು ನೇರವಾಗಿ ಜವಾಬ್ದಾರನೂ ಹೌದು. ಜಂತಿನ ಔಷಧಿಯೋ ಚುಚ್ಚುಮದ್ದೋ ಕೊಟ್ಟ ಮೇಲೆ ಇಷ್ಟು ದಿನ ಮಾಂಸಕ್ಕೆ ಕಡಿಯಬಾರದೆಂಬ ಅವಧಿ ಇರುತ್ತದೆ. ಪಶುವೈದ್ಯರನ್ನು ಕೇಳಿ ಆ ತಾರೀಖನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಪಿ.ಪಿ.ಆರ್. ಲಸಿಕೆಯನ್ನೂ, ಮಳೆಗಾಲಕ್ಕೆ ಮುಂಚೆ ಕರುಳುಬೇನೆಯ ಲಸಿಕೆಯನ್ನೂ ಹಾಕಿಸಿ.

ಸತ್ತ ಆಡಿನ ಮಾಂಸವನ್ನು ಎಷ್ಟೇ ಕಷ್ಟವಿದ್ದರೂ ಮಾರಬೇಡಿ, ತಿನ್ನಬೇಡಿ. ಹಠಾತ್ತನೆ ಸತ್ತು ಮೂಗು, ಗುದದ್ವಾರದಿಂದ ರಕ್ತ ಬಂದರೆ ಅದು ನೆರಡಿ ರೋಗವಿರಬಹುದು. ಕೊಯ್ಯದೆ, ಚರ್ಮ ಸುಲಿಯದೆ ಪಶು ಆಸ್ಪತ್ರೆಗೆ ತಿಳಿಸಿ; ಈ ರೋಗ ಮನುಷ್ಯರಿಗೂ ತಗಲುತ್ತದೆ. ಕಲೇಜಿ, ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆಗಳು ಕಂಡರೆ ನಾಯಿಗೆ ಎಸೆಯಬೇಡಿ. ನಾಯಿಯ ಹೊಟ್ಟೆಯಲ್ಲಿ ಅದು ಹುಳುವಾಗಿ, ಅದರ ಮಲದಿಂದ ಮಕ್ಕಳಿಗೆ ಬರುತ್ತದೆ. ಸುಡಬೇಕು ಅಥವಾ ಆಳವಾಗಿ ಹೂಳಬೇಕು.

ಸರಕಾರದ ನಿಯಮ

2001ರ ಕಸಾಯಿಖಾನೆ ನಿಯಮಗಳಂತೆ ಗರ್ಭದ ಆಡನ್ನು, ಮೂರು ತಿಂಗಳೊಳಗಿನ ಮರಿಯಿರುವ ತಾಯಿಯನ್ನು, ಮೂರು ತಿಂಗಳು ತುಂಬದ ಮರಿಯನ್ನು ಕಡಿಯಬಾರದು. ಪಶುವೈದ್ಯರ ಪ್ರಮಾಣಪತ್ರ ಬೇಕು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದಂಥ ಪಟ್ಟಣ ವ್ಯಾಪ್ತಿಯಲ್ಲಿ ಅನುಮತಿ ಪಡೆದ ಕಸಾಯಿಖಾನೆಯಲ್ಲೇ ಕಡಿಸಬೇಕು. ಮಾಂಸ ಮಾರುವವರಿಗೆ ಆಹಾರ ಸುರಕ್ಷಾ ಇಲಾಖೆಯ ನೋಂದಣಿ ಬೇಕು. 2011ರ ನಿಯಮಗಳು ದಿನಕ್ಕೆ ಹತ್ತು ಸಣ್ಣ ಪ್ರಾಣಿಗಳವರೆಗೆ ಕಡಿಯುವವರನ್ನು ಸಣ್ಣ ವ್ಯಾಪಾರಿಗಳ ಸಾಲಿನಲ್ಲಿ ಇಟ್ಟವು. ನಿಯಮಗಳು ಆಗಾಗ ಬದಲಾಗುವುದರಿಂದ ಇಲಾಖೆಯಲ್ಲೂ ಗ್ರಾಮ ಪಂಚಾಯತಿಯಲ್ಲೂ ವಿಚಾರಿಸಿಯೇ ಮುಂದುವರಿಯಿರಿ.

ಎಲ್ಲರಿಗೂ, ಎಲ್ಲ ಸಮಯದಲ್ಲೂ ಪಾಲು ಹಾಕಿ ಮಾರಲು ಆಗದು. ಆಸ್ಪತ್ರೆಯ ಖರ್ಚು ಬಂದ ದಿನ ವ್ಯಾಪಾರಿಯನ್ನೇ ಕರೆಯಬೇಕಾಗಬಹುದು. ಆ ದಿನವೂ "ನನ್ನ ಹೋತ 30 ಕಿಲೋ ಇದೆ, ಅಸಲು 285 ಬಿದ್ದಿದೆ" ಎಂದು ಹೇಳಬಲ್ಲವನೊಂದಿಗೆ ವ್ಯಾಪಾರಿಯ ಮಾತು ಬೇರೆಯಾಗಿರುತ್ತದೆ. ಈ ತಿಂಗಳಿಂದಲೇ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಲೆಕ್ಕ ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಿ. ಮೊದಲ ಸಾಲಿನಲ್ಲಿ ತಾಯಿಯ ದುಡಿಮೆಯ ಗಂಟೆಗಳನ್ನು ಬರೆಯಲಿ.